ಡ್ರಿಲ್ ಟೀಚರ್ ಹೊಲಿದ ಸಾಲು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ತೇಪೆ ಅಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಮನೆಯಲ್ಲಿ ಬಟ್ಟೆ ಇಲ್ಲದ ಜಾಗವೇ ಇರಲಿಲ್ಲ. ಕುರ್ಚಿಯ ಮೇಲೆ ನೀಲಿ, ಮಂಚದ ಕೆಳಗೆ ಕೆಂಪು, ಫ್ರಿಜ್ಜಿನ ನೆತ್ತಿಯ ಮೇಲೆ ಹೂವಿನ ಚಿತ್ತಾರದವು. ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಬೆಳಿಗ್ಗೆ ಅಂಗಿ ಹುಡುಕುವಾಗ, "ನನ್ನ ಗೆರೆ ಅಂಗಿ ಎಲ್ಲಿ?" ಎಂದು ಕೇಳುತ್ತಿರಲಿಲ್ಲ. "ನನ್ನ ಗೆರೆ ಅಂಗಿ ಇನ್ನೂ ಇದೆಯಾ?" ಎಂದು ಕೇಳುತ್ತಿದ್ದ.

ಮುಗಿದ ಕೌದಿಯನ್ನು ಪರೀಕ್ಷೆ ಮಾಡುವ ಕೆಲಸ ಅತ್ತೆಯದು. ಮಧ್ಯಾಹ್ನ ಅದನ್ನು ಹೊದ್ದು ಮಲಗುತ್ತಿದ್ದರು. ಗೊರಕೆ ಬಂದರೆ ಕೌದಿ ಪಾಸು. ಇದುವರೆಗೆ ಒಂದೂ ಫೇಲಾಗಿರಲಿಲ್ಲ. ಅತ್ತೆಗೆ ಮರದ ಸ್ಟೂಲಿನ ಮೇಲೆ ಕೂತರೂ ಗೊರಕೆ ಬರುತ್ತಿತ್ತು ಎನ್ನುವುದು ಬೇರೆ ಮಾತು.

ಮಂಗಳವಾರ ಮಧ್ಯಾಹ್ನ ಇಬ್ಬರು ಗೆಳತಿಯರು ಬಂದು ಅವಳ ಜೊತೆ ಹೊಲಿಗೆಗೆ ಕೂರುತ್ತಿದ್ದರು. ಒಬ್ಬಳು ತಿರುವಿನಲ್ಲಿದ್ದ ಔಷಧಿ ಅಂಗಡಿಯವಳು. ಮಾತು ಕಡಿಮೆ, ಕೈ ಚೊಕ್ಕ. ಮಾತ್ರೆ ಎಣಿಸಿದ ಹಾಗೆ ಹೊಲಿಗೆ ಹಾಕುತ್ತಿದ್ದಳು. ಇನ್ನೊಬ್ಬರು ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತರಾದ ಟೀಚರ್. ಅವರದು ಇದರ ತದ್ವಿರುದ್ಧ. ಮೈದಾನದ ಆ ಕಡೆಯ ಗೋಡೆಗೆ ಕೇಳಿಸಬೇಕೆಂದು ಬೆಳೆಸಿಕೊಂಡಿದ್ದ ದನಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಿಗಿಯುವ ಹೊಲಿಗೆ.

ಹೊಲಿಗೆ ಎನ್ನುವುದೂ ಹೆಚ್ಚಾಯಿತು. ಟೀಚರ್ ಸೂಜಿಯನ್ನು ಒಂದು ಕಡೆ ಮುಳುಗಿಸಿದರೆ ಅದು ಎಲ್ಲಿ ತಲೆ ಎತ್ತುತ್ತದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಎಳೆದುಕೊಟ್ಟ ಗೆರೆ ಒಂದು ದಿಕ್ಕಿಗೆ, ಅವರ ದಾರ ಇನ್ನೊಂದು ದಿಕ್ಕಿಗೆ. ಆದರೆ ಅವರಿಗೆ ಹೇಳುವವರು ಯಾರು? ಮೊದಲ ಸಲ ಬಂದಾಗ ಅವರು ಬಾಗಿಲಲ್ಲೇ ನಿಂತು, "ನಿವೃತ್ತಿ ಆದ್ಮೇಲೆ ಮನೇಲಿ ಗೋಡೆಗೆ ಡ್ರಿಲ್ ಮಾಡಿಸೋ ಹಾಗಾಗಿದೆ ಕಣೇ. ನನಗೂ ಒಂದು ಸೂಜಿ ಕೊಡು," ಎಂದಿದ್ದರು. ಆ ಮಾತು ತೇಪೆ ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಮಂಗಳವಾರ ಟೀಚರ್ ಹೊಲಿದದ್ದನ್ನು ಅವಳು ಬುಧವಾರ ಬೆಳಿಗ್ಗೆ ಬಿಚ್ಚಿ, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿಯುತ್ತಿದ್ದಳು. ಔಷಧಿ ಅಂಗಡಿಯವಳಿಗೆ ಗೊತ್ತಿತ್ತು; ಅವಳು ಬಾಯಿ ಬಿಡುವವಳಲ್ಲ. ಗಂಡನಿಗೂ ಗೊತ್ತಿತ್ತು. ಅವನ ಬಾಯಿಗೆ ಬಾಗಿಲೇ ಇರಲಿಲ್ಲ.

ಆ ಸಲ ಮೂವರೂ ಕೂತು ಹೊಲಿಯುತ್ತಿದ್ದದ್ದು ಲೈಬ್ರರಿಗೆಂದು ಒಂದು ದೊಡ್ಡ ಕೌದಿ. ಮಕ್ಕಳು ತಣ್ಣನೆಯ ನೆಲದ ಮೇಲೆ ಕೂತು ಓದುತ್ತಾರೆ, ಹಾಸಲು ಏನಾದರೂ ಬೇಕು ಎಂದು ಲೈಬ್ರರಿಯವನು ಕೇಳಿದ್ದ. ಟೀಚರ್ ಪ್ರತಿ ವಾರವೂ ಬಂದ ಕೂಡಲೇ ತಮ್ಮ ಹಿಂದಿನ ವಾರದ ಸಾಲಿನ ಮೇಲೆ ಬೆರಳಾಡಿಸುತ್ತಿದ್ದರು.

"ನೋಡ್ರೇ, ಹೊಲಿಯೋವಾಗ ನನಗೇ ಗೊತ್ತಾಗಲ್ಲ. ಒಂದು ದಿನ ಬಿಟ್ಟು ನೋಡಿದ್ರೆ ಎಷ್ಟು ಚೆನ್ನಾಗಿ ಕೂತಿರುತ್ತೆ!"

ಔಷಧಿ ಅಂಗಡಿಯವಳಿಗೆ ಆಗ ಯಾಕೋ ಕೆಮ್ಮು ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಮಂಗಳವಾರ ಟೀಚರ್ ಕುಣಿಯುತ್ತಲೇ ಒಳಗೆ ಬಂದರು. ತಮ್ಮ ಸಾಲುಗಳ ಬಗ್ಗೆ ಲೈಬ್ರರಿಯವನ ಹತ್ತಿರ ಹೇಳಿಕೊಂಡಿದ್ದರಂತೆ. ಅವನು ಖುಷಿಯಾಗಿ, ಶನಿವಾರ ಲೈಬ್ರರಿಯಲ್ಲೇ ಹೊಲಿಗೆ ಪಾಠ ಮಾಡಿ ಎಂದನಂತೆ. ಬೋರ್ಡೂ ಬರೆದಾಗಿತ್ತು.

"ಎಷ್ಟೋ ಜನ ಹೆಸರು ಕೊಟ್ಟಿದಾರೆ ಕಣೇ! ನೀನೂ ಬಾ, ನನ್ನ ಪಕ್ಕದಲ್ಲಿ ಕೂತ್ಕೊ, ದಾರ ಪೋಣಿಸಿ ಕೊಡು."

ತೇಪೆ ಅಕ್ಕನ ಸೂಜಿ ಬೆರಳಿಗೇ ಚುಚ್ಚಿತು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕೌದಿಯನ್ನು ಮಡಿಲಿಗೆಳೆದುಕೊಂಡು ಬಿಚ್ಚಲು ಕೂತಿದ್ದಳು. ಶನಿವಾರ ಏನು ಗತಿ ಎಂದು ಯೋಚಿಸುತ್ತಿದ್ದವಳಿಗೆ ಕರೆಗಂಟೆ ಕೇಳಿಸಲಿಲ್ಲ. ಗಂಡ ಬಾಗಿಲು ತೆಗೆದ. ಹಿಂದಿನ ದಿನ ಬಿಟ್ಟುಹೋಗಿದ್ದ ಕನ್ನಡಕಕ್ಕೆಂದು ಟೀಚರ್ ಬಂದು ನಿಂತಿದ್ದರು.

"ಅಯ್ಯೋ, ಈಗ ಬಂದ್ರಾ? ಸ್ವಲ್ಪ ಇರಿ ಟೀಚರ್. ಒಳಗೆ ನಿಮ್ಮ ಹೊಲಿಗೆ ಬಿಚ್ತಾ ಇದಾಳೆ. ಇನ್ನೇನು ಆಗೋಯ್ತು," ಎಂದ ಆ ಮಹಾನುಭಾವ.

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಹೊಳೆಯಿತು. ಅಷ್ಟರಲ್ಲಿ ಟೀಚರ್ ಅವನನ್ನು ದಾಟಿ ಒಳಗೆ ಬಂದಾಗಿತ್ತು. ತೇಪೆ ಅಕ್ಕನ ಒಂದು ಕೈಯಲ್ಲಿ ಸಣ್ಣ ಕತ್ತರಿ, ಕಾಲ ಬಳಿ ಹಸಿರು ದಾರದ ಚೂರುಗಳ ಗುಪ್ಪೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಈ ವಾರ ಮಾತ್ರಾನಾ?" ಟೀಚರ್ ದನಿ ಮೊದಲ ಸಲ ಸಣ್ಣದಾಗಿತ್ತು.

"ಇಲ್ಲ ಟೀಚರ್."

"ಮೊದಲಿಂದಾನೂ?"

ಅವಳು ತಲೆ ತಗ್ಗಿಸಿದಳು. ಟೀಚರ್ ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡು, ಹಾಕಿಕೊಂಡು, ಆ ದಾರದ ಚೂರುಗಳನ್ನು ಸರಿಯಾಗಿ ನೋಡಿದರು. "ಶನಿವಾರ ನೀನೇ ಹೋಗಿ ಕಲಿಸು," ಎಂದಷ್ಟೇ ಹೇಳಿ ಹೊರಟುಹೋದರು.

ಅವರು ಗೇಟು ದಾಟಿದ ಮೇಲೆ ತೇಪೆ ಅಕ್ಕ ಗಂಡನ ಕಡೆ ತಿರುಗಿದಳು. "ರೀ, ದೇವರು ನಿಮಗೆ ಬಾಯಿ ಯಾಕೆ ಕೊಟ್ಟ?"

"ನಾನು ಸುಳ್ಳು ಹೇಳಿದ್ನಾ?"

"ಹೇಳ್ಲಿಲ್ಲ, ಅದೇ ತಾನೇ ಆಗಿದ್ದು!" ಎಂದು ಮೂಲೆಯ ಮಂಚದಿಂದ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಚಿಕ್ಕೋನಿದ್ದಾಗಿಂದ ಇವನು ಹೀಗೇ ಕಣಮ್ಮ. ಬಾಯಿ ಹೊಲಿಯೋಕೆ ಬರುತ್ತಾ ನೋಡು." ಆಮೇಲೆ ಒಂದು ಕಣ್ಣು ತೆರೆದರು. "ತಪ್ಪು ನಿಂದೂ ಇದೆ ಬಿಡು. ಅವರು ಮಗುವಾ?"

ಎರಡು ದಿನ ಫೋನು ಮಾಡಿದರೆ ಟೀಚರ್ ಎತ್ತಲಿಲ್ಲ. ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ, ಒಳಗಿನಿಂದ, "ನಾನು ಇಲ್ಲ!" ಎಂದು ಕೂಗಿದರು. ಆ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಶನಿವಾರ ತೇಪೆ ಅಕ್ಕ ಬಟ್ಟೆ ಗಂಟು ಹೊತ್ತು ಲೈಬ್ರರಿಗೆ ಹೋದಳು. ಹತ್ತು ಹನ್ನೆರಡು ಜನ ಬೆಂಚುಗಳ ಮೇಲೆ ಸಿದ್ಧರಾಗಿ ಕೂತಿದ್ದರು. ಬೇಕರಿಯವನು, ಬಸ್ ಓಡಿಸುವವಳು, ಒಬ್ಬ ಅಜ್ಜಿ, ಹೊಸದಾಗಿ ಮದುವೆಯಾದ ಒಂದು ಜೋಡಿ. ಹಿಂದಿನ ಮೇಜಿನಲ್ಲಿ ಯಾರೋ ಪೇಪರನ್ನು ಮುಖದ ಮುಂದೆ ಅಗಲವಾಗಿ ಹಿಡಿದು ಓದುತ್ತಿದ್ದರು. ಪೇಪರಿನ ಕೆಳಗೆ ಕಾಣುತ್ತಿದ್ದ ಬಿಳಿಯ ಕ್ಯಾನ್ವಾಸ್ ಶೂ ಊರಿಗೆಲ್ಲ ಪರಿಚಯವಿದ್ದದ್ದೇ. ತೇಪೆ ಅಕ್ಕ ನೋಡಿಯೂ ನೋಡದ ಹಾಗೆ ಪಾಠ ಶುರುಮಾಡಿದಳು.

"ಸೂಜಿ ಹೀಗೆ ಹಿಡ್ಕೊಳ್ಳಿ. ಆಮೇಲೆ ಹೀಗೆ. ಆಮೇಲೆ... ಹೀಗೇ."

ಜನ ಕಣ್ಣು ಮಿಟುಕಿಸುವುದರೊಳಗೆ ಅವಳ ಸೂಜಿ ಅಂಚು ಮುಟ್ಟಿತ್ತು.

"ಹೀಗೆ ಅಂದ್ರೆ ಹೇಗಮ್ಮ?" ಎಂದರು ಅಜ್ಜಿ.

"ಅಂದ್ರೆ... ಕೈಗೆ ಗೊತ್ತಾಗುತ್ತೆ ಅಜ್ಜಿ."

ಅಜ್ಜಿಯ ಕೈಗೆ ಗೊತ್ತಾಗಲಿಲ್ಲ. ಯಾರ ಕೈಗೂ ಗೊತ್ತಾಗಲಿಲ್ಲ. ಹೊಸ ಜೋಡಿ ಒಂದೇ ಬಟ್ಟೆಯನ್ನು ಎರಡು ಕಡೆಯಿಂದ ಎಳೆದಾಡಿ ಮುನಿಸಿಕೊಂಡಿತು. ಬೇಕರಿಯವನು ಬಹಳ ಶ್ರದ್ಧೆಯಿಂದ ಹೊಲಿದು ಎದ್ದು ನಿಂತರೆ, ಬಟ್ಟೆಯೂ ಅವನ ಜೊತೆಗೇ ಎದ್ದಿತು. ಅದನ್ನು ಪ್ಯಾಂಟಿಗೆ ಸೇರಿಸಿ ಹೊಲಿದುಕೊಂಡಿದ್ದ. ತೇಪೆ ಅಕ್ಕ ಒಬ್ಬರಿಂದ ಇನ್ನೊಬ್ಬರ ಬಳಿಗೆ ಓಡಾಡಿ, "ಹಾಗಲ್ಲ, ಹೀಗೆ," ಎನ್ನುತ್ತಾ ಬೆವರಿದಳು. ಪೇಪರಿನ ಹಿಂದಿನಿಂದ ಉಸ್ಸೆಂಬ ಸದ್ದು ಬಂತು. ಮತ್ತೊಂದು ಸಲ ಬಂತು. ಮೂರನೆಯ ಸಲಕ್ಕೆ ಪೇಪರು ಮೇಜಿನ ಮೇಲೆ ಬಿತ್ತು.

"ಎಲ್ಲರೂ ಸೂಜಿ ಕೆಳಗಿಡಿ!"

ಎಲ್ಲರೂ ಇಟ್ಟರು. ಅತ್ತ ಲೈಬ್ರರಿಯವನೂ ಪೆನ್ನು ಕೆಳಗಿಟ್ಟ.

ಟೀಚರ್ ಮುಂದೆ ಬಂದು ನಿಂತರು. "ಬೆನ್ನು ನೆಟ್ಟಗೆ. ಎಡಗೈಲಿ ಬಟ್ಟೆ, ಬಲಗೈಲಿ ಸೂಜಿ. ನಾನು ಒಂದು ಅಂದ್ರೆ ಸೂಜಿ ಕೆಳಗೆ. ಎರಡು ಅಂದ್ರೆ ಮೇಲೆ. ಮಧ್ಯೆ ಅಕ್ಕಿಕಾಳಿನಷ್ಟೇ ಜಾಗ. ದಾರ ಎಳೀಬೇಕು, ಜಗ್ಗಬಾರದು. ಬೇಕರಿಯವರೇ, ಮೊದಲು ಪ್ಯಾಂಟಿಂದ ಬಿಡಿಸ್ಕೊಳ್ಳಿ. ರೆಡೀ... ಒಂದು!"

ಸೂಜಿಗಳೆಲ್ಲ ಒಟ್ಟಿಗೆ ಇಳಿದವು. "ಎರಡು!" ಒಟ್ಟಿಗೆ ಎದ್ದವು. ತೇಪೆ ಅಕ್ಕ ಬೆರಗಾಗಿ ನಿಂತಳು. ಇಷ್ಟು ತಿಂಗಳು ತನ್ನ ಕೈ ಮಾಡಿ ತೋರಿಸಿದ್ದ ಒಂದೊಂದು ಕೆಲಸವೂ ಟೀಚರ್ ತಲೆಯಲ್ಲಿ ಜೋಪಾನವಾಗಿ ಕೂತಿತ್ತು. ಅಲ್ಲಿಂದ ಕೈಗೆ ಇಳಿಯುವ ದಾರಿ ಮಾತ್ರ ಸಿಕ್ಕಿರಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಅಜ್ಜಿಯ ಸಾಲು ನೆಟ್ಟಗೆ ನಿಂತಿತ್ತು. ಹೊಸ ಜೋಡಿ ರಾಜಿಯಾಗಿತ್ತು. ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಬರಬೇಕು ಎಂದು ಬಸ್ ಓಡಿಸುವವಳು ಕೇಳಿದಳು, ಟೀಚರನ್ನೇ.

ಹಿಂದಿರುಗುವಾಗ ಇಬ್ಬರೂ ಗಂಟಿನ ಒಂದೊಂದು ತುದಿ ಹಿಡಿದು ನಡೆದರು. ಟೀಚರೇ ಮಾತು ತೆಗೆದರು.

"ಮೊದಲೇ ಹೇಳಿದ್ರೆ ನಾನೇನು ಅತ್ತುಬಿಡ್ತಿದ್ನಾ?"

"ಅಳ್ತಿರ್ಲಿಲ್ಲ. ಬೈತಿದ್ರಿ."

"ಬೈಸ್ಕೋಬೇಕಿತ್ತು! ಅದಕ್ಕೇ ಅಲ್ವೇನೇ ಗೆಳತಿ ಅಂತ ಇರೋದು?" ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು. "ಕಲಿಸೋದು ನನಗಿರ್ಲಿ. ಮಾಡಿ ತೋರಿಸೋದು ನಿನಗೆ. ಆದ್ರೆ ಲೈಬ್ರರಿ ಕೌದೀಲಿ ನನ್ನದು ಅಂತ ಒಂದು ಸಾಲು ಇರಬೇಕು. ನಾನೇ ಹೊಲೀತೀನಿ. ಅದನ್ನ ಮುಟ್ಟಿದ್ಯೋ, ನೋಡು!"

"ಆಯ್ತು," ಎಂದಳು ತೇಪೆ ಅಕ್ಕ. ಒಂದು ಬೆಟ್ಟ ಹೊರಲು ಒಪ್ಪಿಕೊಂಡ ಹಾಗಿತ್ತು ಅವಳ ದನಿ.

ಮುಂದಿನ ಮಂಗಳವಾರ ಟೀಚರ್ ನಾಲಿಗೆ ಕಚ್ಚಿಕೊಂಡು, ತಮಗೆ ತಾವೇ ಒಂದು, ಎರಡು ಹೇಳಿಕೊಳ್ಳುತ್ತಾ ಕೆಂಪು ದಾರದಲ್ಲಿ ಒಂದು ಸಾಲು ಹೊಲಿದರು. ಹಿಂದಿನವುಗಳಿಗಿಂತ ವಾಸಿ. ಆದರೂ ನಡುವೆ ಎಲ್ಲೋ ಕುಡಿದವನ ನಡಿಗೆ. ಬುಧವಾರ ತೇಪೆ ಅಕ್ಕ ಕತ್ತರಿಯನ್ನು ಅತ್ತೆಯ ದಿಂಬಿನ ಕೆಳಗಿಟ್ಟು, ಕೈ ತಡೆಯಲಾರದೆ ಮನೆಯ ಪರದೆಗಳನ್ನೆಲ್ಲ ಒಗೆದು ಹಾಕಿದಳು.

ಕೌದಿ ಲೈಬ್ರರಿಯ ನೆಲಕ್ಕೆ ಬಿದ್ದ ದಿನ ಮಕ್ಕಳು ಪುಸ್ತಕ ಹಿಡಿದು ಅದರ ಮೇಲೆ ಉರುಳಾಡಿದರು. ನೋಡಲು ಬಂದ ಜನ ಸುತ್ತ ನಿಂತರು. ತೇಪೆ ಅಕ್ಕ ಮೆಲ್ಲಗೆ ಹೋಗಿ, ಸೀರೆಯ ನೆರಿಗೆ ಹರಡಿಕೊಂಡು, ಸರಿಯಾಗಿ ಆ ಕೆಂಪು ಸಾಲಿನ ಮೇಲೆಯೇ ಕೂತಳು.

"ಏಳೇ ಮೇಲೆ!" ಕಪಾಟಿನ ಪುಸ್ತಕಗಳು ಅದುರುವಂತೆ ಟೀಚರ್ ಕೂಗಿದರು. "ನೀನು ಅಲ್ಲಿ ಕೂತ್ರೆ ಜನ ನೋಡೋದು ಹೇಗೆ?"

ಅವಳು ಎದ್ದಳು.