ಹಿಮಕರಡಿಯ ಹೊಟ್ಟೆಗೆ ಸೀಲು

ಜಯಲಕ್ಷ್ಮಿಪುರಂನ ಶಿಶುವಿಹಾರಕ್ಕೆ ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿದದ್ದೇ ತಡ, ಹೆಡ್‌ಮಿಸ್ ಸರ್ವಮಂಗಳಾಗೆ ಮೈಮೇಲೆ ದೇವರು ಬಂದಂತಾಯಿತು. ಮದ್ರಾಸಿನಲ್ಲಿ ಮೂರು ತಿಂಗಳು ಟ್ರೇನಿಂಗ್ ಮುಗಿಸಿ ಒಂದು ಇಂಗ್ಲಿಷ್ ಪುಸ್ತಕ ಹೊತ್ತು ತಂದಿದ್ದಳು, ಮಹಾತಾಯಿ. ಪುಟ್ಟ ಮಕ್ಕಳ ಕೈಲಿ ಚಳಿಗಾಲದ ಪ್ರಾಣಿಗಳನ್ನು ಮಾಡಿಸಬೇಕಂತೆ. ಟೀಚರ್ ಪುಟ್ಟತಾಯಮ್ಮನಿಗೆ ಚೀಟಿ ಕಳಿಸಿದಳು: ‘ಹತ್ತಿಯ ಹಿಮಕರಡಿ, ಕಪ್ಪು ಕಾಗದದ ಪೆಂಗ್ವಿನ್, ಸೀಲ್.’

ಪುಟ್ಟತಾಯಮ್ಮನಿಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷದಿಂದ ಹಂಗಾಮಿಯಾಗಿ ಕೊಳೆಯುತ್ತಿದ್ದಳು. ಈ ಸಲ ಇನ್‌ಸ್ಪೆಕ್ಟರು ಒಳ್ಳೆಯದು ಬರೆದರೆ ಕೆಲಸ ಕಾಯಂ; ಇಲ್ಲವಾದರೆ ವಯಸ್ಸು ಮೀರಿ ಮನೆಯೇ ಗತಿ. ಅಂಥದ್ದರಲ್ಲಿ ಪೆಂಗ್ವಿನ್ನಂತೆ, ಪಿಂಡ! ಮೈಸೂರಿನ ಚಳಿಗೆ ಹಸುವಿನ ಬೆನ್ನಿಗೊಂದು ಗೋಣಿತಾಟು ಹಾಕಿದರೆ ಮುಗಿಯಿತು.

“ಕೊನೆಗಾದ್ರೂ ಹೆಡ್‌ಮಿಸ್‌ಗೆ ಬುದ್ಧಿ ಬಂದಿದೆ ನೋಡು, ಎಲ್ಲಕ್ಕೂ ಸೀಲ್ ಒತ್ತಬೇಕಂತೆ. ಗುಮಾಸ್ತನ ಮಗಳಲ್ವಾ!” ಎಂದು ಆಯಾ ಮಾದೇವಮ್ಮನೆದುರು ಮೂಗು ಮುರಿದಳು.

“ಒಂದ್ಮಾತು ಕೇಳ್ಬುಡಿ ಅವ್ವಾ. ಕರಡಿ, ಹಕ್ಕಿ ಅಂದ್ಮೇಲೆ ಅದೂ ಯಾವ್ದಾರ ಪ್ರಾಣಿನೇ ಇರ್ಬೈದು.”

“ಅವಳನ್ನ ಕೇಳೋದಾ? ನಾನಾ? ನೀನು ನಂಗೆ ಪಾಠ ಹೇಳ್ಬೇಡ, ಕಸ ಗುಡಿಸು ಹೋಗು.”

ಆಲೂಗೆಡ್ಡೆಯನ್ನು ಅಡ್ಡಕ್ಕೆ ಕುಯ್ದು, ನೇರಳೆ ಶಾಯಿಯಲ್ಲಿ ಅದ್ದಿ, ಮಕ್ಕಳ ಕೈಯಿಂದ ಒಂದೊಂದು ಕರಡಿಯ ಹೊಟ್ಟೆಗೂ ದುಂಡನೆಯ ಮುದ್ರೆ ಒತ್ತಿಸಿಯೇಬಿಟ್ಟಳು.

ಬಂದ ಇನ್‌ಸ್ಪೆಕ್ಟರ್ ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿ ನೋಡಿದರು. “ಇದೇನಮ್ಮ, ಕರಡಿಗೆ ಯಾವ ತಾಲ್ಲೂಕು ಕಚೇರಿ ಮೊಹರು ಬಿತ್ತು?”

ಸರ್ವಮಂಗಳಾ ಬಿಳಿಚಿಕೊಂಡು ಪುಸ್ತಕ ತೆರೆದಳು. ಮೀಸೆಯಿದ್ದ, ನುಣ್ಣನೆಯ ಕಡಲಪ್ರಾಣಿಯೊಂದು ಮಂಜಿನ ಮೇಲೆ ಮಲಗಿತ್ತು. “ಸೀಲ್ ಅಂದ್ರೆ ಇದು ಸಾರ್!”

ಇನ್‌ಸ್ಪೆಕ್ಟರು ಒಂದು ಕರಡಿಯನ್ನು ಎತ್ತಿ ಹಿಡಿದರು.

“ಯಾರು ಮಾಡಿಸಿದ್ದು ಇದನ್ನ?”

“ಆಯಾ, ಸಾರ್. ನಾನಿಲ್ಲದಾಗ ಮಾಡಿಸಿಬಿಟ್ಟಿದ್ದಾಳೆ.” ಹೇಳಿದವಳು ಪುಟ್ಟತಾಯಮ್ಮ. ಥೂ, ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಾದೇವಮ್ಮ ಅವಳನ್ನೇ ಒಂದು ಗಳಿಗೆ ನೋಡಿದಳು. “ಊಂ ಸ್ವಾಮಿ, ನಂದೇ ತೆಪ್ಪು,” ಎಂದಳು.

“ಹೆಬ್ಬೆಟ್ಟು ಒತ್ತೋರಿಗೆ ಮೊಹರಿನ ಆಸೆ ನೋಡಿ!” ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. ಇಂಥವರನ್ನು ಕಟ್ಟಿಕೊಂಡು ಏಗುವ ಟೀಚರಮ್ಮನ ಮೇಲೆ ಅವರಿಗೆ ಕನಿಕರವೂ ಹುಟ್ಟಿತು. ಕಾಯಂ ಮಾಡಬಹುದೆಂದು ಅಲ್ಲೇ ಬರೆದು ಹೋದರು.

ಪುಟ್ಟತಾಯಮ್ಮ ಹಿತ್ತಿಲಿಗೆ ಓಡಿದಳು. “ಮಾದೇವಮ್ಮ, ನಿಂಗೆ ಒಂದು ಸೀರೆ...”

“ಮಡಿಕಳಿ ನಿಮ್ ಸೀರೆಯ.” ಮಾದೇವಮ್ಮ ಸೆರಗು ಕೊಡವಿ ಗೇಟಿನತ್ತ ನಡೆದಳು. “ಕಾಯಂ ಆದ್ರಲ್ಲ, ಇನ್ಮೇಲೆ ಮಕ್ಕಳ ಉಚ್ಚೆನೂ ನೀವೇ ಬಳ್ಕಳಿ ಕಣ್ರವ್ವಾ.”

ಒಳಗಿನಿಂದ ಒಂದು ಮಗು “ಮಿಸ್, ಚಡ್ಡೀಲೇ ಆಗೋಯ್ತು,” ಎಂದು ರಾಗ ತೆಗೆಯಿತು. ಒರೆಸುವ ಬಟ್ಟೆ ಎಲ್ಲಿರುತ್ತದೆಂದು ನಾಲ್ಕು ವರ್ಷವಾದರೂ ಪುಟ್ಟತಾಯಮ್ಮನಿಗೆ ಗೊತ್ತಿರಲಿಲ್ಲ.