ಉಚ್ಚಂಗಮ್ಮನ ಬಾನಿ

ಚಿತ್ರದುರ್ಗದ ಕಂಬಳಿ ನೇಯುವವರ ಕೇರಿಗೆ ನಲ್ಲಿ ಬಂದ ವರ್ಷವೇ ಅಲ್ಲಿನ ದೊಡ್ಡ ಮಣ್ಣಿನ ಬಾನಿಗಳನ್ನೆಲ್ಲ ಒಡೆದುಹಾಕಿದರು. ಉಳಿದದ್ದು ಉಚ್ಚಂಗಮ್ಮನ ಹಿತ್ತಲಿನದೊಂದೇ.

ನೂಲು ಬಿಗಿಯಾಗಲೆಂದು ಹುಣಸೆಬೀಜದ ಸರಿ ಬಳಿದ ಮೇಲೆ ಕುಂಚ, ಮಡಕೆ ತೊಳೆದ ನೀರನ್ನು ಆ ಕೇರಿಯಲ್ಲಿ ಯಾರೂ ಚೆಲ್ಲುತ್ತಿರಲಿಲ್ಲ. ಬಾನಿಗೆ ಸುರಿದು, ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯಲ್ಲಿ ಮುಂದಿನ ಬೀಜ ನೆನೆಹಾಕುತ್ತಿದ್ದರು. ಸಿಹಿನೀರು ಹೊಂಡದಿಂದ ಸೊಂಟ ಬೀಳುವಂತೆ ಹೊತ್ತು ತಂದ ನೀರು. ಒಂದೇ ಸಲಕ್ಕೆ ಅದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು?

ಕೇರಿಯ ಕಂಬಳಿಯೆಲ್ಲ ಕೊಂಡು ದಂಡಿಗೆ ಕಳಿಸುತ್ತಿದ್ದವನು ಸಾಹುಕಾರ ಚಿತ್ರಲಿಂಗಪ್ಪ. ನಲ್ಲಿ ನಿಂತದ್ದೂ ಅವನ ಮನೆಯ ಮುಂದೆಯೇ.

"ಆ ಗಬ್ಬು ನೀರಿನ ಕಂಬಳಿ ನಾನು ಮುಟ್ಟಾಕಿಲ್ಲ. ಬಾನಿ ಒಡಿ, ಇಲ್ಲಾಂದ್ರೆ ಬೇರೆ ಗಿರಾಕಿ ನೋಡ್ಕ" ಎಂದು ಎಲ್ಲರಿಗೂ ಹೇಳಿದ್ದನ್ನೇ ಉಚ್ಚಂಗಮ್ಮನಿಗೂ ಹೇಳಿದ.

ಗಂಡ ತೀರಿದ ಮೇಲೆ ನಾಲ್ಕು ಜನರ ನಗೆಯ ನಡುವೆ ಮಗ್ಗದ ಗುಂಡಿಗೆ ತಾನೇ ಇಳಿದವಳು ಉಚ್ಚಂಗಮ್ಮ. ಹೆದರಲಿಲ್ಲ.

"ಎರಡು ನೇಯ್ತೀನ್ರಿ ಸಾವ್ಕಾರ್ರೇ. ಒಂದಕ್ಕೆ ನಿಮ್ಮ ನಲ್ಲಿ, ಒಂದಕ್ಕೆ ನನ್ನ ಬಾನಿ. ನೀರು ಹುಯ್ದು ನೋಡಾಣ. ನನ್ನದು ಸೋರಿದ್ರೆ ನಾನೇ ಒನಕೆ ತಗಂಡು ಬಾನಿ ಒಡೀತೀನಿ. ಸೋರದಿದ್ರೆ ಅದರ ಸುದ್ದಿಗೆ ಬರಬ್ಯಾಡ್ರಿ."

"ಆಗ್ಲೇಳು" ಎಂದು ಸಾಹುಕಾರ ನಕ್ಕ.

ಕಂಬಳಿಯನ್ನು ಹಾಗೆ ಪರೀಕ್ಷಿಸುವುದು ಅಲ್ಲಿನ ವಾಡಿಕೆ. ನಾಲ್ಕು ಗೂಟಕ್ಕೆ ನಾಲ್ಕು ಮೂಲೆ ಕಟ್ಟಿ, ನಡುವೆ ಎರಡು ಕೊಡ ನೀರು ಹುಯ್ಯುವುದು. ಅಡಿಯಲ್ಲಿ ಹನಿ ಬೀಳದಿದ್ದರೆ ಗೆದ್ದಂತೆ. ನಲ್ಲಿ ನೀರಿನದು ಸೋರಿಯೇ ಸೋರುತ್ತದೆಂದು ಉಚ್ಚಂಗಮ್ಮನ ಎಣಿಕೆ.

ಎರಡೂ ನೇಯ್ದು ಮುಗಿದ ಮೇಲೆ ಮೈದುನ ಕರಿಯಣ್ಣ ಅವನ್ನು ಗೂಟಕ್ಕೆ ಕಟ್ಟಿ ನೀರು ಹುಯ್ದ. ಕೇರಿಯೇ ಸೇರಿತ್ತು. ಹೊತ್ತು ಮಾರುದ್ದ ಏರಿತು. ಬಾನಿಯದು ಸೋರಲಿಲ್ಲ. ನಲ್ಲಿಯದೂ ಸೋರಲಿಲ್ಲ. ಉಚ್ಚಂಗಮ್ಮ ಬಗ್ಗಿ ನಲ್ಲಿ ಕಂಬಳಿಯ ಅಡಿಗೆ ಅಂಗೈ ಒಡ್ಡಿದಳು. ಒಣಗಿದ ಕೈ ಒಣಗಿದಂತೆಯೇ ಹಿಂದೆ ಬಂತು. ಅವಳ ಮುಖ ಸಣ್ಣದಾಯಿತು.

"ನೋಡ್ದ್ಯಾ? ನಲ್ಲಿ ನೀರಿಗೆ ಏನು ಕಮ್ಮಿ ಆಗೈತೆ? ಎರಡೂ ಒಂದೇ ಅಂದಮ್ಯಾಲೆ ಆ ಗಬ್ಬು ಯಾಕೆ? ಒಡಿ" ಎಂದ ಚಿತ್ರಲಿಂಗಪ್ಪ.

"ಅತ್ತಿಗೆ, ಹೋಗ್ಲಿ ಬಿಡು" ಎಂದು ಕರಿಯಣ್ಣ ಪಿಸುಗುಟ್ಟಿದ.

ಅವಳು ನೆಟ್ಟಗಾದಳು. "ಒಪ್ಕಂಡೆ ಸಾವ್ಕಾರ್ರೇ, ನಿಮ್ಮ ನೀರೂ ಚಲೋ ಐತೆ. ಆದ್ರೆ ಒಡೀತೀನಿ ಅಂದಿದ್ದು ನನ್ನದು ಸೋರಿದ್ರೆ ಅಂತ. ಎರಡೂ ಒಂದೇ ಅಂದಮ್ಯಾಲೆ ನನ್ನದು ಯಾಕೆ ಒಡೀಬೇಕು? ಮೊನ್ನೆ ಕಾಟಮ್ಮ ಎದುರು ಮಾತಾಡಿದ್ಲು ಅಂತ ನಿಮ್ಮ ಆಳು ಎರಡು ದಿನ ನಲ್ಲಿ ತಿರುಪು ಬಿಚ್ಚಲಿಲ್ಲ. ಅವಳ ಮಗ್ಗ ನಿಂತೋತು. ನನ್ನ ಬಾನಿಗೆ ತಿರುಪಿಲ್ರಿ."

ಗುಂಪಿನಲ್ಲಿದ್ದ ಕಾಟಮ್ಮ ತಲೆ ಎತ್ತಿ ಸಾಹುಕಾರನನ್ನೇ ನೋಡಿದಳು.

"ನಾಳೆಯಿಂದ ನಿನ್ನ ಒಂದು ಕಂಬಳೀನೂ ತಗಳಾಕಿಲ್ಲ!" ಎಂದು ಅವನು ಉಚ್ಚಂಗಮ್ಮನಿಗೆ ಗದರಿದ.

"ತಗಬ್ಯಾಡ್ರಿ."

ಅವನು ಮೆಟ್ಟು ಬಡಿಯುತ್ತ ಹೊರಟುಹೋದ. ಉಚ್ಚಂಗಮ್ಮ ಗೂಟದ ಹಗ್ಗ ಬಿಚ್ಚತೊಡಗಿದಳು. "ಕರಿಯಣ್ಣ, ಆ ತುದಿ ಹಿಡಿ. ನೀರು ನೆಲಕ್ಕೆ ಚೆಲ್ಲೀಯ! ಹೊಳಲ್ಕೆರೆ ಸಂತೆ ಯಾವತ್ತು?"

"ಅಷ್ಟು ದೂರ ಕಂಬಳಿ ಹೊರೋರು ಯಾರು ಅತ್ತಿಗೆ?"

"ನಾನು."

"ಒಬ್ಳೇನಾ?"

"ಇಬ್ರು" ಎಂದಳು ಕಾಟಮ್ಮ, ಇನ್ನೊಂದು ಗೂಟದ ಗಂಟಿಗೆ ಕೈಹಾಕುತ್ತ.