ಎರಡು ಗೆರೆ, ಮೇಲೊಂದು ಅಲೆ

ಅತ್ತಿಗೆಯ ಬೆರಳು ಹಲಗೆಯತ್ತ ಹೋದದ್ದು ಬರಿಯ ಅಭ್ಯಾಸಬಲದಿಂದ.

"ಅಯ್ಯೋ ಅತ್ತಿಗೆ, ಯಾಕೆ ಅಳಿಸಿದ್ರಿ?" ಸೀಮೆಸುಣ್ಣ ಹಿಡಿದಿದ್ದ ನಾದಿನಿ ಕೂಗಿಕೊಂಡಳು. ಆಕೆ ಗಣಿತದ ಟೀಚರ್. ಶಾಲೆಗೆ ಹೊರಡುವ ಮುನ್ನ ಅಡುಗೆಮನೆಯ ಗೋಡೆಗೆ ಒರಗಿಸಿದ ಪುಟ್ಟ ಹಲಗೆಯ ಮೇಲೆ ಅಂದಿನ ಪಾಠವನ್ನೊಮ್ಮೆ ಬರೆದು ನೋಡುವುದು ಅವಳ ರೂಢಿ.

"ಕೂದಲು ಅಂಟಿತ್ತಲ್ಲೇ."

"ಕೂದಲಂತೆ ಕೂದಲು! ಸರ್ವಸಮ ಚಿಹ್ನೆ ಅದು. ಕೆಳಗಿನ ಗೆರೆಗಳು ಅಳತೆ ಒಂದೇ ಅನ್ನುತ್ವೆ, ಮೇಲಿನ ಅಲೆ ಆಕಾರ ಒಂದೇ ಅನ್ನುತ್ತೆ. ಪ್ರೆಸ್ಸಿನ ಕಣ್ಣನ್ನ ಪ್ರೆಸ್ಸಲ್ಲೇ ಬಿಟ್ಟು ಬನ್ನಿ ಮಹರಾಯ್ತಿ!"

ನಾದಿನಿ ಆ ಎರಡು ಅಡ್ಡಗೆರೆಗಳ ನೆತ್ತಿಯ ಮೇಲೆ ಮತ್ತೆ ಅಲೆಯನ್ನು ಬಳುಕಿಸಿದಳು. ಅತ್ತಿಗೆಗೆ ನಿನ್ನೆಯ ಪುಟ ಕಣ್ಣಿಗೆ ಕಟ್ಟಿತು.

ಮುದ್ರಣಾಲಯದ ಕಪ್ಪು ಫಿಲ್ಮಿನಲ್ಲಿ ಅಕ್ಷರಗಳು ಬೆಳ್ಳಗೆ ಹೊಳೆಯುತ್ತವೆ. ಧೂಳು, ಕೂದಲು ಬಿದ್ದಲ್ಲಿಯೂ ಬಿಳಿ ಗೀರು ಮೂಡುತ್ತದೆ. ಅವೂ ಅಚ್ಚಾಗದಂತೆ ಅಂಥ ಗೀರುಗಳನ್ನು ಕುಂಚದಿಂದ ಕೆಂಪು ಬಣ್ಣ ಹಚ್ಚಿ ಮುಚ್ಚುವುದು ಅತ್ತಿಗೆಯ ಕೆಲಸ. ನಿನ್ನೆ ರೇಖಾಗಣಿತದ ಪುಟವೊಂದರಲ್ಲಿ ಎಲ್ಲ ಕೂದಲುಗಳೂ ಜೋಡಿಗೆರೆಗಳ ಮೇಲೆಯೇ ಬಿದ್ದಿದ್ದವು. ಫಿಲ್ಮ್ ತೆಗೆಯುವವನ ತಲೆ ಬೋಳು ಎಂಬುದಾದರೂ ಆಗ ನೆನಪಾಗಬೇಕಿತ್ತು! ಅವಳು ಒಂದನ್ನೂ ಬಿಡದೆ ಮುಚ್ಚಿದ್ದಳು. ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬುದನ್ನು ಯಜಮಾನರು ಇಂದು ಹೇಳುವವರಿದ್ದರು. ಆ ಪುಟ ಅಚ್ಚು ಹಾಕುವ ಯಂತ್ರ ಒಂಬತ್ತಕ್ಕೆ ಶುರುವಾಗುತ್ತದೆ.

ಏದುಸಿರು ಬಿಡುತ್ತ ಅವಳು ಪ್ರೆಸ್ಸಿನೊಳಗೆ ನುಗ್ಗಿದಾಗ ಯಂತ್ರ ನಡೆಸುವವನ ಹೆಬ್ಬೆರಳು ಗುಂಡಿಯ ಮೇಲಿತ್ತು.

"ನಿಲ್ಲಿಸಣ್ಣಾ!"

"ಯಾಕಮ್ಮಾ, ಮನೆಗೆ ಬೆಂಕಿ ಬಿತ್ತಾ?"

"ಬಿದ್ದಿದ್ದು ನನ್ನ ಕೆಲಸಕ್ಕೆ."

ಗದ್ದಲ ಕೇಳಿ ಯಜಮಾನರು ಹೊರಬಂದರು. ಫಿಲ್ಮೇ ಸರಿ ಇರಲಿಲ್ಲವೆಂದು ತಪ್ಪನ್ನು ಬೋಳುತಲೆಯವನ ಕೊರಳಿಗೆ ಕಟ್ಟಿದ್ದರೆ ಕೇಳುವವರಿರಲಿಲ್ಲ. ಅವಳು ನೇರ ಯಜಮಾನರತ್ತ ತಿರುಗಿದಳು.

"ಚಿಹ್ನೆಗಳ ಮೇಲಿನ ಅಲೆನ ಕೂದಲು ಅಂದ್ಕೊಂಡು ಮುಚ್ಚಿಬಿಟ್ಟೆ ಸಾರ್."

ಯಜಮಾನರು ಅವಳನ್ನೂ ಯಂತ್ರವನ್ನೂ ನೋಡಿದರು. "ಮೊದಲು ಆ ಬಣ್ಣ ಬಿಡಿಸು. ನಿನ್ನ ವಿಷಯ ಆಮೇಲೆ."

ಅಡಿಯಲ್ಲಿ ದೀಪವಿದ್ದ ಗಾಜಿನ ಮೇಲೆ ಫಿಲ್ಮ್ ಹರಡಿ, ಒದ್ದೆ ಹತ್ತಿಯಿಂದ ಒರೆಸುತ್ತ ಹೋದಂತೆ ಒಂದೊಂದೇ ಅಲೆ ಮೇಲೆದ್ದಿತು. ಪುಟದ ಕೊನೆಯಲ್ಲಿದ್ದದ್ದು ಮಾತ್ರ ತುಸು ಓರೆ, ತುಸು ತೆಳು. ಅಲೆಯೋ, ಕೂದಲೋ? ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ ಯಜಮಾನರಿಗೂ ಬಗೆಹರಿಯಲಿಲ್ಲ. ಅವಳು ಫೋನ್ ಎತ್ತಿಕೊಂಡಳು.

"ಗೆರೆಗಳ ಎರಡೂ ಕಡೆ ಏನಿದೆ, ಓದಿ ಅತ್ತಿಗೆ," ಎಂದಳು ನಾದಿನಿ. ಅವಳ ಹಿಂದೆ ಶಾಲೆಯ ಗಲಾಟೆ ಕೇಳುತ್ತಿತ್ತು.

"ಈ ಕಡೆ ಒಂದು ಕೋನದ ಅಳತೆ. ಆ ಕಡೆ ಬರೀ ಅರವತ್ತು ಡಿಗ್ರಿ."

"ಡಿಗ್ರಿಗೆ ಆಕಾರ ಎಲ್ಲಿಂದ ಬರುತ್ತೆ? ಅದು ಅಪ್ಪಟ ಕೂದಲು. ಧೈರ್ಯವಾಗಿ ಮುಚ್ಚಿ."

ಅವಳು ಕುಂಚ ಅದ್ದಿ ಮುಚ್ಚಿದಳು.

ಆ ಫಿಲ್ಮಿನಿಂದ ಅಚ್ಚಿನ ಹೊಸ ಪ್ಲೇಟ್ ಸಿದ್ಧವಾಗಿ, ಯಂತ್ರ ಗುಡುಗುತ್ತ ತಿರುಗತೊಡಗಿತು. ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ಯಜಮಾನರು ಗಂಟಲು ಸರಿಪಡಿಸಿಕೊಂಡರು.

"ನಾಳೆಯಿಂದ ಮುಚ್ಚೋಕೆ ಮುಂಚೆ ಎರಡೂ ಕಡೆ ಓದು. ತಿಳೀತಾ?"

ಯಂತ್ರದ ಸದ್ದಿನಲ್ಲಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿದ್ದು 'ನಾಳೆಯಿಂದ' ಎಂಬುದಷ್ಟೇ. ಅಷ್ಟು ಸಾಕಾಗಿತ್ತು.